ವೈಸ್: ಅರ್ಥ ಮತ್ತು ಪ್ರಯೋಗ

ಆ ಕಟ್ಟಡದವರೆಲ್ಲ ಅವರನ್ನು ಮಾಸ್ತರ್ ಎಂದು ಕರೆಯುತ್ತಿದ್ದರು. ಅವರು ಒಂದು ದಿನವೂ ಶಾಲೆಯಲ್ಲಿ ಪಾಠ ಹೇಳಿದವರಲ್ಲ. ನೀರಿನ ಮೀಟರ್ ಓದುವ ಕೆಲಸಕ್ಕೆ ಸೇರಿ, ಅದರಲ್ಲೇ ತಲೆ ನರೆಸಿಕೊಂಡು, ಅದರಿಂದಲೇ ನಿವೃತ್ತರಾದವರು. ಆ ಕೆಲಸದುದ್ದಕ್ಕೂ ಎಷ್ಟು ಬಾಗಿಲು ತಟ್ಟಿದ್ದರೋ, ತೆರೆದವರೆಲ್ಲ ಒಳಕ್ಕೆ ತಿರುಗಿ "ಮೀಟರು ಬಂತು" ಎಂದು ಕೂಗುತ್ತಿದ್ದರೇ ಹೊರತು, ಮನುಷ್ಯನೊಬ್ಬ ಬಂದಿದ್ದಾನೆ ಎಂದು ಒಬ್ಬರೂ ಹೇಳಿರಲಿಲ್ಲ. ಈ ಸೇಡನ್ನು ಅವರು ನಿವೃತ್ತಿಯ ನಂತರ ನಿಧಾನವಾಗಿ ತೀರಿಸಿಕೊಳ್ಳುತ್ತಿದ್ದರು.

ತೀರಿಸಿಕೊಳ್ಳುತ್ತಿದ್ದುದು ಒಂದು ಕರಿಹಲಗೆಯ ಮೇಲೆ. ಕಟ್ಟಡದ ಬಾಗಿಲು ದಾಟಿ ಒಳಗೆ ಬಂದರೆ ಮೆಟ್ಟಿಲ ಬುಡದಲ್ಲಿ ಒಂದು ದಪ್ಪ ಮರದ ಮೇಜು, ಅದರ ಮೇಲೆ ಗೋಡೆಗೆ ಆ ಹಲಗೆ. ನಡುವೆ ಒಂದು ಗೀಟು. ಗೀಟಿನ ಎಡಕ್ಕೆ ನಿವಾಸಿಗಳ ಸಂಘದ ಸೂಚನೆಗಳು: ನೀರು ಬರುವುದಿಲ್ಲ, ಮೆಟ್ಟಿಲ ಮೇಲೆ ಚಪ್ಪಲಿ ಬಿಡಬಾರದು, ಇತ್ಯಾದಿ. ಬಲಕ್ಕೆ ಮಾಸ್ತರರ ಸಾಮ್ರಾಜ್ಯ. ಪ್ರತಿ ಸೋಮವಾರ ಬೆಳಿಗ್ಗೆ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲಿ ಸೀಮೆಸುಣ್ಣ ಹಿಡಿದು ಇಳಿದು ಬಂದು ಮೂರು ಸಾಲು ಬರೆಯುತ್ತಿದ್ದರು. ಮೊದಲನೆಯದು ಪದ, ಒಂದು ಇಂಗ್ಲಿಷ್ ಪದ. ಎರಡನೆಯದು ಅರ್ಥ. ಮೂರನೆಯದು ಪ್ರಯೋಗ.

ಪ್ರಯೋಗದ ವಿಷಯದಲ್ಲಿ ಮಾಸ್ತರರಿಗೆ ಒಂದು ಸಿದ್ಧಾಂತವಿತ್ತು. "ಹುಡುಗನು ಮನೆಗೆ ಹೋದನು ಅಂತ ಬರೆದ್ರೆ ಯಾರಿಗ್ರೀ ನೆನಪಿರುತ್ತೆ? ಯಾವ ಹುಡುಗ? ಯಾರ ಮನೆ? ವಾಕ್ಯದಲ್ಲಿ ಗೊತ್ತಿರೋ ಮುಖ ಇರಬೇಕು" ಎನ್ನುತ್ತಿದ್ದರು. ಹೀಗಾಗಿ ಗೊರಕೆಯ ಇಂಗ್ಲಿಷ್ ಪದ ಬಂದ ವಾರ, "ರಾತ್ರಿ ಕೇಳುವ ಸದ್ದು ನೀರಿನ ಪಂಪಿನದಲ್ಲ, ನೆಲಮಹಡಿಯ ದರ್ಜಿಯವರ ಗೊರಕೆಯದು" ಎಂಬ ಪ್ರಯೋಗ ಬಂತು. ಕಡ ತರುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ತಿಳಿಸಿದ ವಾರ, "ಮೊದಲ ಮಹಡಿಯ ಅತ್ತೆಯವರು ನಮ್ಮ ಏಣಿಯನ್ನು ಕಡ ಒಯ್ದಿದ್ದಾರೆ, ಇನ್ನೂ ತಂದುಕೊಟ್ಟಿಲ್ಲ" ಎಂದು ಬಂತು. ಏಣಿ ಅಂದು ಮಧ್ಯಾಹ್ನವೇ ವಾಪಸಾಯಿತು. ಏಣಿಯ ಹಿಂದೆಯೇ ಜಗಳವೂ ಬಂತು. ಅವರಿಗೆ ಏಣಿ ಅತ್ತೆ ಎಂಬ ಹೆಸರೂ ಅಂದೇ ಅಂಟಿತು.

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮಾಸ್ತರರಿಗೆ ವಾರಕ್ಕೊಂದು ಮಾತು ಗೊತ್ತಾಗುತ್ತಿತ್ತು, ವಾರಕ್ಕೊಂದು ಜಗಳವೂ ಆಗುತ್ತಿತ್ತು. ಆದರೆ ಒಂದು ಮಾತನ್ನು ಅವರ ಶತ್ರುಗಳೂ ಒಪ್ಪಬೇಕು: ಅವರು ಬರೆದದ್ದರಲ್ಲಿ ಸುಳ್ಳು ಇರುತ್ತಿರಲಿಲ್ಲ. ಇದರ ಪರಿಣಾಮವೇನೆಂದರೆ, ಕಟ್ಟಡದವರು ಪದವನ್ನೂ ಅರ್ಥವನ್ನೂ ಓದುವುದನ್ನು ಯಾವಾಗಲೋ ಬಿಟ್ಟಿದ್ದರು. ಮೂರನೆಯ ಸಾಲನ್ನು ಮಾತ್ರ ಓದದೆ ಯಾರೂ ಮೆಟ್ಟಿಲು ಹತ್ತುತ್ತಿರಲಿಲ್ಲ. ಪತ್ರಿಕೆಯನ್ನು ನಂಬದವರೂ ಪ್ರಯೋಗವನ್ನು ನಂಬುತ್ತಿದ್ದರು.

ಏಣಿಯ ಜಗಳವಾದ ಮೇಲೆ ಸಂಘದ ಕಾರ್ಯದರ್ಶಿ ಮಾಸ್ತರರ ಮನೆಗೆ ಬಂದರು. ಇವರು ವಿಮಾ ಕಚೇರಿಯಲ್ಲಿ ಮೇಲ್ವಿಚಾರಕರು. ಭಾನುವಾರವೂ ಟೈ ಕಟ್ಟುವ ಮನುಷ್ಯ. ಕುಳಿತುಕೊಳ್ಳಲಿಲ್ಲ.

"ಮಾಸ್ತರೇ, ಇನ್ನೊಂದೇ ಒಂದು ದೂರು ಬಂದ್ರೆ ಆ ಗೀಟು ಅಳಿಸ್ತೀನಿ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಸಂಘದ ಸಭೆ ಇದೆ. ಇಡೀ ಹಲಗೆ ಸಂಘಕ್ಕೆ ಅಂತ ಠರಾವು ಮಾಡಿಸಿಬಿಡ್ತೀನಿ."

"ದೂರೇ ಬರದ ಪದ ಹುಡುಕ್ತೀನಿ ಬಿಡಿ" ಎಂದರು ಮಾಸ್ತರರು, ಬಹಳ ವಿಶ್ವಾಸದಿಂದ. ಕಾರ್ಯದರ್ಶಿ ಹೋದ ಕೂಡಲೇ ನಿಘಂಟನ್ನು ಕೈಗೆತ್ತಿಕೊಂಡರು. ಆ ಅರ್ಧ ಹಲಗೆ ಹೋದರೆ ತಾನು ಮತ್ತೆ ಮೀಟರೇ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಭಾನುವಾರ ಇಡೀ ನಿಘಂಟು ಮಗುಚಿ ಹಾಕಿದರು. ಮನುಷ್ಯರಿಗೆ ಸಂಬಂಧಿಸಿದ ಪದ ಬೇಡ. ತಿನ್ನುವುದು ಬೇಡ, ಕುಡಿಯುವುದು ಬೇಡ, ನಿದ್ದೆ ಮೊದಲೇ ಬೇಡ. ಕಬ್ಬಿಣದ ವಸ್ತುವಾದರೆ ಯಾರಿಗೂ ನೋವಾಗದು ಎಂದುಕೊಂಡು ಹುಡುಕುತ್ತ ಹುಡುಕುತ್ತ ಸಂಜೆಯ ಹೊತ್ತಿಗೆ ಒಂದು ಪದ ಸಿಕ್ಕಿತು.

"ಸಿಕ್ತು ಕಣೇ! ವೈಸ್!"

ಹೆಂಡತಿ ಒಲೆಯ ಮುಂದಿದ್ದಳು. ಅವಳ ಬಾಣಲೆಯ ಹಿಡಿ ಮುರಿದು ಬಹಳ ದಿನವಾಗಿತ್ತು. ಬಿಸಿ ಬಾಣಲೆಯನ್ನು ಇಕ್ಕಳದಲ್ಲಿ ಕಚ್ಚಿಸಿ, ಉಸಿರು ಬಿಗಿಹಿಡಿದು ಇಳಿಸುವುದು ಅವಳ ದಿನನಿತ್ಯದ ಸಾಹಸ. "ಹಾಗಂದ್ರೆ?"

"ಯಾವುದೇ ವಸ್ತುವನ್ನು ಎರಡು ದವಡೆಗಳ ನಡುವೆ ತಿರುಪಿನಿಂದ ಬಿಗಿದು ಹಿಡಿಯುವ ಉಪಕರಣ."

"ಅಂದ್ರೆ ಇಕ್ಕಳ ಅನ್ನಿ."

"ಇಕ್ಕಳ ಅಲ್ಲವೇ! ಇಕ್ಕಳನ ನಾವು ಹಿಡ್ಕೊಂಡಿರಬೇಕು. ವೈಸ್ ಒಂದ್ಸಲ ಹಿಡೀತು ಅಂದ್ರೆ ತಾನೇ ಹಿಡ್ಕೊಂಡಿರುತ್ತೆ. ನಮ್ಮ ಎರಡೂ ಕೈ ಖಾಲಿ."

"ಎರಡೂ ಕೈ ಖಾಲಿ ಇಟ್ಕೊಂಡಿರೋರು ಈ ಮನೇಲಿ ಆಗಲೇ ಒಬ್ರಿದ್ದಾರೆ" ಎಂದಳು ಹೆಂಡತಿ, ಬಾಣಲೆ ಇಳಿಸುತ್ತ. "ಆ ಹಿಡಿ ಯಾವಾಗ ಹಾಕಿಸಿಕೊಡ್ತೀರಿ?"

ಮಾಸ್ತರರಿಗೆ ಅದು ಕೇಳಿಸಲಿಲ್ಲ. ಪದ ಸಿಕ್ಕಿತು, ಅರ್ಥ ಸಿಕ್ಕಿತು. ಈಗ ಪ್ರಯೋಗ ಬೇಕಲ್ಲ? ಗೊತ್ತಿರುವ ಮುಖ ಇರಲೇಬೇಕು. ಆ ಮುಖಕ್ಕೆ ಸಿಟ್ಟು ಬರಬಾರದು, ಸಂತೋಷವಾಗಬೇಕು. ಅವರ ಜೀವಮಾನದಲ್ಲೇ ಮೊದಲ ಬಾರಿಗೆ ಅವರಿಗೆ ರಾಜಕೀಯ ಹೊಳೆಯಿತು. ಸೋಮವಾರ ಬೆಳಿಗ್ಗೆ ಹಲಗೆಯ ಮೇಲೆ ದುಂಡು ಅಕ್ಷರದಲ್ಲಿ ಬರೆದರು: "ಪ್ರಯೋಗ: ನಮ್ಮ ಕಾರ್ಯದರ್ಶಿಗಳು ಕಟ್ಟಡದ ಎಲ್ಲರ ಅನುಕೂಲಕ್ಕಾಗಿ ಒಂದು ವೈಸ್ ತಂದಿದ್ದಾರೆ."

ಅದು ಅವರು ಬರೆದ ಮೊದಲ ಸುಳ್ಳು. ಕೈ ಜಾಡಿಸಿಕೊಂಡು, ಹೊಗಳಿಕೆಗೆ ಕರಗದ ಕಾರ್ಯದರ್ಶಿ ಎಲ್ಲಿದ್ದಾನೆ ಎಂದುಕೊಳ್ಳುತ್ತ ಮೇಲೆ ಹೋಗಿ ಚಹಾ ಕುಡಿದರು.

ಚಹಾ ಆರುವ ಮೊದಲೇ ದರ್ಜಿ ಕಾರ್ಯದರ್ಶಿಯ ಬಾಗಿಲು ತಟ್ಟಿದ್ದ. ಕೈಯಲ್ಲಿ ಮೊಳದುದ್ದದ ಕತ್ತರಿ. ಬಾಗಿಲು ತೆರೆದದ್ದು ಕಾರ್ಯದರ್ಶಿಯ ಅಕ್ಕ. ತಮ್ಮನನ್ನು ಸಾಕಿ ಬೆಳೆಸಿದವರು. ಅವನಿಗೆ ತಲೆಗೂದಲು ಉದುರಿ ಹೋದರೂ ಅವರ ಪಾಲಿಗೆ ಅವನು ಪುಟ್ಟ.

"ನಮಸ್ಕಾರ ಅಕ್ಕಾ. ಸಾಹೇಬ್ರು ವೈಸ್ ತಂದಿದ್ದಾರಲ್ಲ, ಎಲ್ಲಿಟ್ಟಿದ್ದಾರೆ? ಈ ಕತ್ತರಿ ಮೊಂಡಾಗಿ ಕೂತಿದೆ. ಅದರಲ್ಲಿ ಕಚ್ಚಿಸಿ ಒಂಚೂರು ಅರ ತಿಕ್ಕೋತೀನಿ."

ವೈಸ್ ಎಂದರೆ ತಿನ್ನುವುದೋ ಉಡುವುದೋ ಅಕ್ಕನಿಗೆ ಗೊತ್ತಿರಲಿಲ್ಲ. ಆದರೆ ತಮ್ಮ ಎಲ್ಲರಿಗಾಗಿ ಏನೋ ತಂದಿದ್ದಾನೆ ಎಂಬುದು ಗೊತ್ತಾಯಿತಲ್ಲ, ಅಷ್ಟು ಸಾಕಾಯಿತು. "ತಂದೇ ಇರ್ತಾನೆ! ನಮ್ಮ ಪುಟ್ಟ ಬಲಗೈಯಲ್ಲಿ ಕೊಟ್ಟಿದ್ದು ಎಡಗೈಗೂ ಹೇಳೋನಲ್ಲ. ಪುಟ್ಟಾ! ಬಾರೋ ಇಲ್ಲಿ!"

ಕಾರ್ಯದರ್ಶಿ ಟೈ ಬಿಗಿಯುತ್ತ ಬಂದರು. "ವೈಸಾ? ನಾನು ಯಾವ ವೈಸೂ ತಂದಿಲ್ಲವಲ್ಲ!"

ದರ್ಜಿ ಅಕ್ಕನ ಕಡೆ ನೋಡಿ ತಲೆದೂಗಿದ. "ನೋಡಿ ಅಕ್ಕಾ, ನೀವು ಹೇಳಿದ ಹಾಗೇ. ಎಂಥ ದೊಡ್ಡ ಮನಸ್ಸು!"

ಕಾರ್ಯದರ್ಶಿ ಕಚೇರಿಗೆ ಹೊರಟು ಮೆಟ್ಟಿಲು ಇಳಿಯುವಷ್ಟರಲ್ಲಿ, ಎಂದೂ ಮುಖ ಕೊಟ್ಟು ಮಾತನಾಡದವರೆಲ್ಲ ನಮಸ್ಕಾರ ಹಾಕಿದರು. ಒಬ್ಬರು ಕಾಲು ಅಲ್ಲಾಡುವ ಕುರ್ಚಿಯನ್ನು ಎತ್ತಿ ತೋರಿಸಿ, "ಸಂಜೆ ತರ್ತೀನಿ ಸರ್" ಎಂದರು. ಏಣಿ ಅತ್ತೆ ಮಹಡಿಯ ತಿರುವಿನಲ್ಲಿ ಅಡ್ಡ ನಿಂತರು.

"ಭಾನುವಾರ ಸಭೇಲಿ ಕಾರ್ಯದರ್ಶಿನ ಬದಲಾಯಿಸೋಣ ಅಂತಿದ್ವಿ ಕಣಪ್ಪಾ. ಮುಚ್ಚುಮರೆ ಯಾಕೆ, ನಾನೇ ಎಲ್ಲರಿಗೂ ಹೇಳಿಟ್ಟಿದ್ದೆ. ಈಗ ಮನಸ್ಸು ಬದಲಾಯ್ತು. ಕೆಲಸ ಮಾಡೋನು ನೀನೊಬ್ಬನೇ."

"ಅತ್ತೇ, ಆ ವೈಸ್ ವಿಷಯ..."

"ಏನೂ ಹೇಳಬೇಡ. ನನ್ನ ಏಣಿಗೊಂದು ಮೆಟ್ಟಿಲು ಕೂಡಿಸಬೇಕು, ಅಷ್ಟೇ." ಏಣಿ ಅತ್ತೆ ಈ ನಡುವೆ ಸ್ವಂತ ಏಣಿ ಕೊಂಡಿದ್ದರು.

ಕಾರ್ಯದರ್ಶಿಯ ಸ್ಥಿತಿ ಅಡಕತ್ತರಿಯಲ್ಲಿ ಸಿಕ್ಕಿಕೊಂಡ ಅಡಕೆಯಂತಾಯಿತು. ತಂದಿದ್ದೇನೆ ಎಂದರೆ ವೈಸ್ ಎಲ್ಲಿ? ತಂದಿಲ್ಲ ಎಂದರೆ ಕುರ್ಚಿ ಹೋಯಿತು. ತಂದಿಲ್ಲವೆಂದು ಆಣೆ ಮಾಡಿ ಹೇಳಿದ ಕಡೆಯಲ್ಲೆಲ್ಲ ಅವರ ವಿನಯದ ಕೀರ್ತಿ ಇನ್ನಷ್ಟು ಹಬ್ಬಿತು. ಬುಧವಾರದ ಹೊತ್ತಿಗೆ ಮಾತು ಬೇರೆ ದಾರಿ ಹಿಡಿಯಿತು. ವೈಸ್ ಬಂದಿದೆಯಂತೆ, ಆದರೆ ಕಾರ್ಯದರ್ಶಿಯ ಮಂಚದ ಕೆಳಗಿದೆಯಂತೆ, ಅವರ ಕಡೆಯವರಿಗೆ ಮಾತ್ರ ಕೊಡುತ್ತಾರಂತೆ!

ಗುರುವಾರ ನಗರಸಭೆಯ ವಾರ್ಡ್ ಅಧಿಕಾರಿ ಚರಂಡಿ ನೋಡಲು ಬಂದ. ಚರಂಡಿ ನೋಡುವ ಮೊದಲು ಹಲಗೆ ನೋಡಿದ. ಅವನೂ ಮೂರನೆಯ ಸಾಲನ್ನೇ ಓದಿದ. ನೇರವಾಗಿ ಕಾರ್ಯದರ್ಶಿಯ ಮನೆಗೆ ಹೋದ.

"ವಾಸದ ಕಟ್ಟಡದಲ್ಲಿ ವೈಸ್ ಇಟ್ಟಿದ್ದೀರಂತೆ. ಪರವಾನಗಿ ಇದೆಯೇನ್ರೀ?"

"ಸ್ವಾಮೀ, ಇಲ್ಲಿ ವೈಸೇ ಇಲ್ಲ."

"ಹಾಗಾದ್ರೆ ಒಳ್ಳೇದಾಯ್ತು. ವೈಸ್ ಇಲ್ಲ ಅಂತ ಗಟ್ಟಿಯಾಗಿ ಹೇಳಿಬಿಡಿ, ಹೋಗ್ತೀನಿ."

ಬಾಗಿಲಲ್ಲಿ ಆಗಲೇ ದರ್ಜಿ ಇದ್ದ, ಏಣಿ ಅತ್ತೆ ಇದ್ದರು, ಕುರ್ಚಿ ಹೊತ್ತವರಿದ್ದರು. ಎಲ್ಲರ ಹಿಂದೆ ಅಕ್ಕ, ಕಣ್ಣಲ್ಲಿ ಹೆಮ್ಮೆ ತುಂಬಿಕೊಂಡು. ಕಾರ್ಯದರ್ಶಿ ಎಲ್ಲರನ್ನೂ ಒಮ್ಮೆ ನೋಡಿ ಟೈ ಸರಿಮಾಡಿಕೊಂಡರು. ಕೊನೆಗೆ, "ಭಾನುವಾರ ಬನ್ನಿ ಸ್ವಾಮೀ, ಸಭೆಯಲ್ಲೇ ನೋಡುವಿರಂತೆ" ಎಂದರು. ನೆರೆದವರೆಲ್ಲ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ನಿಲ್ಲುವ ಮೊದಲೇ ಅವರು ಮಾಸ್ತರರ ಮನೆಯೊಳಗಿದ್ದರು. ಈ ಸಲ ಹೇಳುವ ಮೊದಲೇ ಕುಳಿತುಕೊಂಡರು.

"ಏನು ಮಾಡಿಬಿಟ್ರಿ ಮಾಸ್ತರೇ! ನನ್ನ ಜೀವಮಾನದಲ್ಲಿ ವೈಸ್ ಮುಟ್ಟಿ ನೋಡಿಲ್ಲ ನಾನು!"

"ಬೈದು ಬರೆದ್ರೂ ತಪ್ಪು, ಹೊಗಳಿ ಬರೆದ್ರೂ ತಪ್ಪಾ?" ಎಂದರು ಮಾಸ್ತರರು. "ಅದು ಬರೀ ಪ್ರಯೋಗ ಸ್ವಾಮೀ. ವಾಕ್ಯ."

"ಈ ಕಟ್ಟಡದಲ್ಲಿ ನಿಮ್ಮ ವಾಕ್ಯಾನ ವಾಕ್ಯ ಅಂತ ಯಾರು ಓದ್ತಾರೆ? ಸುದ್ದಿ ಅಂತ ಓದ್ತಾರೆ! ಕೇಳಿ ಇಲ್ಲಿ. ಭಾನುವಾರದೊಳಗೆ ಕೆಳಗೆ ವೈಸ್ ಇರಬೇಕು. ಇಲ್ಲದಿದ್ರೆ ನನ್ನ ಹುದ್ದೆ ಹೋಗುತ್ತೆ, ಹೋಗೋ ಮೊದಲು ನಾನು ಮಾಡೋ ಕೊನೇ ಕೆಲಸ ಆ ಗೀಟು ಅಳಿಸೋದು."

"ಇಷ್ಟೇ ತಾನೇ? ತರೋಣ. ವೈಸ್ ಬಗ್ಗೆ ಈ ಕಟ್ಟಡದಲ್ಲಿ ನನಗಿಂತ ಹೆಚ್ಚು ಗೊತ್ತಿರೋರು ಯಾರಿದ್ದಾರೆ?"

ಈ ಮಾತು ಮಾತ್ರ ನಿಜ. ಉಳಿದವರಿಗೆ ಮೂರನೆಯ ಸಾಲು ಮಾತ್ರ ಗೊತ್ತಿತ್ತು, ಮಾಸ್ತರರಿಗೆ ಎರಡನೆಯದೂ ಗೊತ್ತಿತ್ತು.

ಮಾಸ್ತರರ ಹೆಂಡತಿಯ ತಮ್ಮ ಗೇಟು, ಕಿಟಕಿ ಸರಳು ಮಾಡುವ ವರ್ಕ್‌ಶಾಪ್ ಇಟ್ಟಿದ್ದ. ಬಾಯಿ ದೊಡ್ಡದು, ಸುತ್ತಿಗೆಯ ಸದ್ದಿನ ಮೇಲೆ ಮಾತನಾಡಿ ಮಾತನಾಡಿ, ಸುತ್ತಿಗೆ ಇಲ್ಲದ ಕಡೆಯೂ ಹಾಗೇ ಮಾತನಾಡುತ್ತಿದ್ದ. ಶುಕ್ರವಾರ ಭಾವ ಬಂದದ್ದು ನೋಡಿ ಕಿಡಿ ಹಾರುವ ಯಂತ್ರ ನಿಲ್ಲಿಸಿದ.

"ಹಳೇ ವೈಸ್ ಬಿದ್ದಿದೆ, ತಗೊಂಡ್ಹೋಗಿ ಭಾವ. ಯಾವ ಸೈಜ್ ಬೇಕು?"

ನಿಘಂಟಿನ ಅರ್ಥದಲ್ಲಿ ಸೈಜ್ ಇರಲಿಲ್ಲ. "ಸೈಜ್ ಯಾವುದಾದ್ರೂ ಇರ್ಲಿ. ಎರಡು ದವಡೆ ಇರಬೇಕು" ಎಂದರು ಮಾಸ್ತರರು ಗಂಭೀರವಾಗಿ.

"ಒಂದೇ ದವಡೆ ಇರೋ ವೈಸ್ ನಾನಿನ್ನೂ ನೋಡಿಲ್ಲ ಭಾವ! ಕೈ ಚಾಚಿ."

ಮಾಸ್ತರರು ಮಗುವನ್ನು ಎತ್ತಿಕೊಳ್ಳುವವರಂತೆ ಕೈ ಚಾಚಿದರು. ಅವನು ವೈಸನ್ನು ಅವರ ಕೈಗಿಟ್ಟ. ಮಾಸ್ತರರು ನಿಂತಲ್ಲೇ ಕುಳಿತುಬಿಟ್ಟರು. ತೂಕವೂ ಅರ್ಥದಲ್ಲಿ ಇರಲಿಲ್ಲ. ಕುಳಿತ ಮೇಲೂ ಅವರ ಮುಖದಲ್ಲಿ ಸೋಲು ಕಾಣಲಿಲ್ಲ. "ಗಟ್ಟಿ ಇದೆಯೋ ಇಲ್ವೋ ನೋಡಿದೆ" ಎಂದರು.

"ಈ ಅಡ್ಡ ಸರಳಿದೆಯಲ್ಲ, ತಿರುಗಿಸೋದು, ಇದರ ಒಂದು ತುದಿ ಗುಂಡು ಬಿದ್ದುಹೋಗಿದೆ. ಜಾರಿ ಬಂದ್ಬಿಡುತ್ತೆ, ಜೋಪಾನ. ಆಮೇಲೆ ಬೋಲ್ಟ್ ಹಾಕಿ ಕೂಡಿಸಿ."

"ನನಗೆ ಹೇಳಿಕೊಡ್ತೀಯೇನಪ್ಪಾ?" ಎಂದರು ಮಾಸ್ತರರು. ತಳ್ಳುಗಾಡಿಯ ಮೇಲೆ ವೈಸ್ ಕಟ್ಟಡಕ್ಕೆ ಬಂತು.

ಬೋಲ್ಟ್ ಯಾಕೆ? ವೈಸಿನ ಕೆಲಸವೇ ಹಿಡಿದುಕೊಳ್ಳುವುದು. ಜಗತ್ತನ್ನೆಲ್ಲ ಹಿಡಿಯುವ ವಸ್ತುವಿಗೆ ತನ್ನನ್ನು ತಾನು ಹಿಡಿದುಕೊಳ್ಳಲು ಬಾರದೆ? ಹೀಗೆ ತರ್ಕಿಸಿ ಮಾಸ್ತರರು ಅದನ್ನು ಮೇಜಿನ ಮೇಲೆ ಸುಮ್ಮನೆ ಇಟ್ಟು, ಪಕ್ಕದಲ್ಲಿ ಕುರ್ಚಿ ಹಾಕಿ ಕುಳಿತರು. ಮೊದಲು ಬಂದದ್ದು ದರ್ಜಿ. ಕತ್ತರಿ ಕಚ್ಚಿಸಿ, ಸರಳು ಬಿಗಿದು, ಅರ ಹಿಡಿದು ಒಂದು ಸಲ ಮುಂದಕ್ಕೆ ತಳ್ಳಿದ. ಕತ್ತರಿ, ವೈಸ್, ದರ್ಜಿ ಮೂರೂ ಒಟ್ಟಿಗೆ ಗೋಡೆಗೆ ಹೋಗಿ ಡಿಕ್ಕಿ ಹೊಡೆದವು. ಸದ್ದಿಗೆ ಮೂರು ಮಹಡಿಯ ಬಾಗಿಲುಗಳೂ ತೆರೆದವು.

"ಇದು ಹಿಡ್ಕೊಳ್ಳೋದೇ ಇಲ್ವಲ್ಲ ಮಾಸ್ತರೇ, ನನ್ನ ಜೊತೆಗೇ ಬರುತ್ತೆ!"

"ಬೋಲ್ಟ್ ಹಾಕಬೇಕಲ್ಲಪ್ಪಾ. ಅಷ್ಟೂ ತಿಳೀದಾ?" ಎಂದರು ಮಾಸ್ತರರು. ಶನಿವಾರ ಭಾವಮೈದನೇ ಬಂದು ಮೇಜಿಗೆ ತೂತು ಕೊರೆದು, ಹಲಗೆಯ ನೇರ ಕೆಳಗೆ ವೈಸನ್ನು ಬೋಲ್ಟ್ ಹಾಕಿ ಕೂಡಿಸಿದ. ತಿಂದ ಪೆಟ್ಟನ್ನು ಅನುಭವ ಎಂದು ಕರೆಯುವ ಕಲೆ ಮಾಸ್ತರರಿಗೆ ಹುಟ್ಟಿನಿಂದಲೇ ಬಂದದ್ದು.

ಭಾನುವಾರ ಬೆಳಿಗ್ಗೆ ಮೆಟ್ಟಿಲ ಬುಡದಲ್ಲಿ ಜಾಗ ಸಾಲದೆ ಜನ ಮೆಟ್ಟಿಲ ಮೇಲೆಲ್ಲ ಕುಳಿತಿದ್ದರು. ವಾರ್ಡ್ ಅಧಿಕಾರಿಗೆ ಮುಂದಿನ ಕುರ್ಚಿ. ಅಕ್ಕ ಹೊಸ ಬಟ್ಟೆಯಲ್ಲಿ. ಭಾವಮೈದ ಬಾಗಿಲಿಗೆ ಒರಗಿ ನಿಂತಿದ್ದ. ವೈಸಿನ ಮೇಲೆ ಒಂದು ಮೇಜುಬಟ್ಟೆ ಹೊದಿಸಿತ್ತು. ಕಾರ್ಯದರ್ಶಿ ಅದನ್ನು ಎಳೆದಾಗ ಬಿದ್ದ ಚಪ್ಪಾಳೆ ಅವರಿಗೆ ಮದುವೆಯಲ್ಲೂ ಬಿದ್ದಿರಲಿಲ್ಲ. ಕಾರ್ಯದರ್ಶಿಯಾಗಿ ಅವರನ್ನೇ ಮತ್ತೆ ಆರಿಸಬೇಕೆಂದು ಏಣಿ ಅತ್ತೆ ಹೇಳಿದ ಕೂಡಲೇ ಎಲ್ಲ ಕೈಗಳೂ ಮೇಲೆದ್ದವು.

ಇಲ್ಲಿಗೆ ನಿಲ್ಲಿಸಿದ್ದರೆ ಅವರು ಗೆದ್ದಂತೆಯೇ. ಆದರೆ ಹುದ್ದೆ ಭದ್ರವಾದ ಕೂಡಲೇ ಮನುಷ್ಯನಿಗೆ ಹಳೆಯ ಸಿಟ್ಟು ನೆನಪಾಗುತ್ತದೆ.

"ಇನ್ನೊಂದು ವಿಷಯ" ಎಂದರು ಕಾರ್ಯದರ್ಶಿ, ಮಾಸ್ತರರ ಕಡೆ ನೋಡದೆ. "ಈ ಹಲಗೆಯ ಮೇಲೆ ಇಲ್ಲಸಲ್ಲದ್ದು ಬರೆದು ಕಟ್ಟಡಕ್ಕೆ ತೊಂದರೆಯಾಗ್ತಿದೆ. ಇಡೀ ಹಲಗೆಯನ್ನು ಸಂಘವೇ..."

ಮಾಸ್ತರರು ಒಂದು ಹೆಜ್ಜೆ ಮುಂದೆ ಬಂದರು. ವೈಸ್ ತಂದವನು ನಾನು, ಹೊತ್ತವನು ನಾನು ಎಂದು ಕೂಗಬೇಕೆನಿಸಿತು. ಕೂಗಿದರೆ ಬರೆದದ್ದು ಸುಳ್ಳು ಎಂದು ತಾನೇ ಒಪ್ಪಿಕೊಂಡಂತೆ. ಮುಂದಿಟ್ಟ ಹೆಜ್ಜೆಯನ್ನು ಹಿಂದಕ್ಕಿಟ್ಟರು.

"ಅದೆಲ್ಲ ಆಮೇಲೆ" ಎಂದ ವಾರ್ಡ್ ಅಧಿಕಾರಿ. "ಮೊದಲು ಈ ಯಂತ್ರದಿಂದ ಯಾರಿಗೂ ಅಪಾಯ ಇಲ್ಲ ಅಂತ ನಡೆಸಿ ತೋರಿಸಿ, ನಾನು ಊಟಕ್ಕೆ ಹೋಗಬೇಕು."

"ಅಪಾಯವಾ? ಮಗು ಕೂಡ ನಡೆಸಬಹುದು!" ಕಾರ್ಯದರ್ಶಿ ಒಂದು ಮರದ ತುಂಡನ್ನು ದವಡೆಗಳ ನಡುವೆ ಇಟ್ಟರು. ಸರಿಯಾಗಿ ಕೂತಿದೆಯೇ ಎಂದು ಬಗ್ಗಿ ನೋಡಿದರು. ಎಲ್ಲರೂ ನೋಡಲೆಂದು ಸರಳನ್ನು ಜೋರಾಗಿ ಗಿರಗಿರ ತಿರುಗಿಸಿದರು. ಮರದ ತುಂಡು ಬಿಗಿಯಾಯಿತು. ತುಂಡಿನ ಪಕ್ಕದಲ್ಲಿ ಇಳಿಬಿದ್ದಿದ್ದ ಟೈ ಕೂಡ ಬಿಗಿಯಾಯಿತು. ಕೊನೆಯ ಸುತ್ತಿನಲ್ಲಿ ಗುಂಡಿಲ್ಲದ ಸರಳು ಜಾರಿ ಬಂದು, ಟಣ್ ಎಂದು ನೆಲಕ್ಕೆ ಬಿದ್ದು, ಉರುಳುತ್ತ ಹೋಗಿ ಬಾಗಿಲ ಬಳಿಯ ಚಪ್ಪಲಿ ರಾಶಿಯೊಳಗೆ ಮಾಯವಾಯಿತು.

ಕಾರ್ಯದರ್ಶಿ ಏಳಲು ನೋಡಿದರು. ಟೈ ಬಿಡಲಿಲ್ಲ. ಮೂಗು ವೈಸಿಗೆ ತಾಗುವಂತೆ ಬಗ್ಗಿ ನಿಂತರು. ಇದೂ ಪ್ರಾತ್ಯಕ್ಷಿಕೆಯ ಭಾಗವೋ ಏನೋ ಎಂದು ಯಾರಿಗೂ ತಿಳಿಯಲಿಲ್ಲ.

"ಹಿಡಿತ ಚೆನ್ನಾಗಿದೆ" ಎಂದ ವಾರ್ಡ್ ಅಧಿಕಾರಿ.

"ಬಿಡಿಸ್ರೋ!" ಎಂದು ಕೆಳಗಿನಿಂದ ದನಿ ಬಂತು.

ದರ್ಜಿ ಕತ್ತರಿ ಎತ್ತಿಕೊಂಡು ಓಡಿ ಬಂದ. ಹಿಂದಿನ ದಿನವಷ್ಟೇ ಅದೇ ವೈಸಿನಲ್ಲಿ ಹರಿತವಾದ ಕತ್ತರಿ. ಅಕ್ಕ ಅಡ್ಡ ಬಂದರು. "ಟೈ ಮುಟ್ಟಿದ್ರೆ ನೋಡು! ಅವನಿಗೆ ಕೆಲಸ ಸಿಕ್ಕಾಗ ನಾನು ಕೊಡಿಸಿದ್ದು! ಪುಟ್ಟಾ, ಹಾಗೇ ಇರೋ, ಅಲ್ಲಾಡಬೇಡ!"

ಚಪ್ಪಲಿ ರಾಶಿಯಿಂದ ಸರಳನ್ನು ಹುಡುಕಿ ತೆಗೆದವರು ಮಾಸ್ತರರು. ವಿಜಯಿಯಂತೆ ಅದನ್ನು ಎತ್ತಿ ಹಿಡಿದು ಬಂದು, ತಿರುಪಿನ ತೂತಿಗೆ ತೂರಿಸಿ, ಪೂರ್ಣ ವಿಶ್ವಾಸದಿಂದ ಬಲಕ್ಕೆ ತಿರುಗಿಸಿದರು. ಎಡಕ್ಕೋ ಬಲಕ್ಕೋ ಎಂಬುದೂ ಅರ್ಥದಲ್ಲಿ ಇರಲಿಲ್ಲ.

"ಅಯ್ಯೋ! ಬಿಗಿಯಾಯ್ತು!"

"ಅದೇ ಅದರ ಗುಣ" ಎಂದರು ಮಾಸ್ತರರು.

ಏಣಿ ಅತ್ತೆಗೆ ಈ ಗದ್ದಲದಲ್ಲೂ ಸಭೆಯ ನಡಾವಳಿ ಮರೆತಿರಲಿಲ್ಲ. ಏಣಿಯ ಜಗಳವೇನೋ ಆಗಿತ್ತು. ಆದರೆ ಹಲಗೆ ಹೋದರೆ ಸೋಮವಾರ ಓದಲಿಕ್ಕೆ ಏನುಳಿಯಿತು ಎಂಬ ಚಿಂತೆ ಅವರಿಗೆ ಆಗಲೇ ಹತ್ತಿಕೊಂಡಿತ್ತು. ಬಗ್ಗಿ, ಕಾರ್ಯದರ್ಶಿಯ ಕಿವಿಯ ಹತ್ತಿರ ಬಾಯಿಟ್ಟು ಕೇಳಿದರು.

"ಏನಪ್ಪಾ, ಹಲಗೆಯ ಬಲಭಾಗ ಮಾಸ್ತರಿಗೇ ಇರ್ಲಿ ಅಂತೀಯಾ?"

ಕಾರ್ಯದರ್ಶಿ ಆ ಹೊತ್ತಿಗೆ ತಲೆಯನ್ನು ಬಲವಾಗಿ ಮೇಲಕ್ಕೆಳೆದರು, ಟೈ ಕೆಳಕ್ಕೆಳೆಯಿತು. ಮತ್ತೆ ಮೇಲಕ್ಕೆ, ಮತ್ತೆ ಕೆಳಕ್ಕೆ.

"ತಲೆ ಆಡಿಸ್ತಾನೆ! ಒಪ್ಪಿಗೆಯಂತೆ!"

"ಒಪ್ಪಿಗೆ! ಒಪ್ಪಿಗೆ!" ಎಂದು ಮೆಟ್ಟಿಲು ಮೆಟ್ಟಿಲಿಗೂ ಕೂಗು ಹತ್ತಿ ಹೋಯಿತು. "ಸರ್ವಾನುಮತ" ಎಂದ ವಾರ್ಡ್ ಅಧಿಕಾರಿ, ಗಡಿಯಾರ ನೋಡಿಕೊಳ್ಳುತ್ತ. "ಪರವಾನಗಿಯೂ ಬೇಡ ಬಿಡಿ. ಮೋಟಾರಿಲ್ಲ, ಏನಿಲ್ಲ. ಟೈ ಕಟ್ಟಿದವರು ಮುಟ್ಟದಿದ್ರೆ ಸಾಕು."

ಆಮೇಲೆ ಭಾವಮೈದ ಬಂದು, "ಆ ಕಡೆ ಅಲ್ಲ ಭಾವ, ಈ ಕಡೆ!" ಎಂದು ಇಡೀ ಬೀದಿಗೆ ಕೇಳುವಂತೆ ಹೇಳಿ ಎಡಕ್ಕೆ ತಿರುಗಿಸಿದ. ಕಾರ್ಯದರ್ಶಿ ನೆಟ್ಟಗಾದರು. ಟೈಯ ನಡುವೆ ವೈಸಿನ ಹಲ್ಲುಗಳ ಗುರುತು ಅಂದವಾಗಿ ಮೂಡಿತ್ತು.

"ನಾನು ಒಪ್ಪಲಿಲ್ಲ! ನನ್ನ ತಲೆ ತಾನಾಗಿ..."

"ಪುಟ್ಟಾ!" ಎಂದರು ಅಕ್ಕ. "ಹತ್ತು ಜನರ ಮುಂದೆ ಕೊಟ್ಟ ಮಾತು. ತಪ್ಪಬೇಡ."

ಅಕ್ಕನ ಮಾತು ವೈಸಿಗಿಂತ ಬಿಗಿ. ಕಾರ್ಯದರ್ಶಿ ಕುತ್ತಿಗೆ ನೀವಿಕೊಂಡರು, ಸುತ್ತ ನೋಡಿದರು, ಮಾಸ್ತರರ ಅರಳಿದ ಮುಖ ನೋಡಿದರು. "ಆಯ್ತು. ಆದ್ರೆ ಒಂದು ಷರತ್ತು. ಪ್ರಯೋಗದಲ್ಲಿ ನನ್ನ ಬಗ್ಗೆ ಬರೆದಿದ್ದನ್ನ ನಾನು ನಿಜ ಮಾಡಿದ್ದೀನಿ, ಕುತ್ತಿಗೆ ಕೊಟ್ಟು ನಿಜ ಮಾಡಿದ್ದೀನಿ. ಇನ್ಮೇಲೆ ಎಲ್ರಿಗೂ ಅದೇ ನಿಯಮ. ಹಲಗೆ ಮೇಲೆ ಯಾರ ಬಗ್ಗೆ ಏನು ಬರೆದಿರುತ್ತೋ, ಅದನ್ನ ಅವರು ನಿಜ ಮಾಡಿ ತೋರಿಸಲೇಬೇಕು."

"ಒಪ್ಪಿಗೆ!" ಎಂದು ಎಲ್ಲರಿಗಿಂತ ಮೊದಲು ಕೂಗಿದವರು ಮಾಸ್ತರರೇ. ಸೀಮೆಸುಣ್ಣ ತನ್ನ ಕೈಯಲ್ಲಿರುವಾಗ ಇಂಥ ನಿಯಮದಿಂದ ತನಗೇನು ನಷ್ಟ?

ಮರುದಿನ ಸೋಮವಾರವಾದರೂ ಕಟ್ಟಡದವರು ವೈಸಿನ ಸಾಲನ್ನು ಅಳಿಸಗೊಡಲಿಲ್ಲ. ಇನ್ನೊಂದು ವಾರ ಇರಲಿ ಎಂದರು. ಆ ವಾರ ಮಾಸ್ತರರ ಜೀವನದ ಮಹಾವಾರ. ವೈಸಿನ ಪಕ್ಕದಲ್ಲೇ ಕುರ್ಚಿ, ಕುರ್ಚಿಯಲ್ಲಿ ಅವರು. ಕುರ್ಚಿಕಾಲು ಬಂತು, ಏಣಿ ಬಂತು, ಬೀಗ, ಛತ್ರಿ, ಯಾರದೋ ಕನ್ನಡಕ ಕೂಡ ಬಂತು. "ಬಲಕ್ಕೆ ಬಿಗಿ, ಎಡಕ್ಕೆ ಸಡಿಲ" ಎಂದು ಬಂದವರಿಗೆಲ್ಲ ತಾವೇ ಕಂಡುಹಿಡಿದವರಂತೆ ಹೇಳಿಕೊಟ್ಟರು. ಜನ ಮನೆಗೆ ಹುಡುಕಿಕೊಂಡು ಬಂದರು, "ಮೀಟರು" ಎನ್ನಲಿಲ್ಲ, "ಮಾಸ್ತರ್ ಇದ್ದಾರಾ?" ಎಂದರು. ಪ್ರತಿ ಸಲ ಬಾಗಿಲು ತೆರೆದವಳು ಹೆಂಡತಿ, ಒಂದು ಕೈಯಲ್ಲಿ ಇಕ್ಕಳ ಹಿಡಿದೇ.

"ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದಳು ಶುಕ್ರವಾರ. "ಆ ಬಾಣಲೆ..."

"ನಾಳೆ ನೋಡೋಣ ಕಣೇ. ಈಗ ಜನ ಕಾಯ್ತಿದ್ದಾರೆ."

ಮುಂದಿನ ಸೋಮವಾರ ಮಾಸ್ತರರು ಇಸ್ತ್ರಿ ಅಂಗಿ ತೊಟ್ಟರು. ಮನೆಯಲ್ಲಿ ಇಟ್ಟ ಕಡೆ ಸೀಮೆಸುಣ್ಣ ಕಾಣಲಿಲ್ಲ. ಹುಡುಕಿ ಸಾಕಾಗಿ ಬರಿಗೈಯಲ್ಲೇ ಇಳಿದರು. ಮೆಟ್ಟಿಲ ಬುಡದಲ್ಲಿ ಆಗಲೇ ಗುಂಪು ಸೇರಿತ್ತು. ದರ್ಜಿ ನಗುತ್ತಿದ್ದ. ಏಣಿ ಅತ್ತೆ ಜಾಗ ಬಿಟ್ಟುಕೊಟ್ಟರು. ಹಲಗೆಯ ಬಲಭಾಗದಲ್ಲಿ, ಅವರ ದುಂಡು ಅಕ್ಷರವಲ್ಲದ, ಮನೆಯ ಹಿಟ್ಟಿನ ಡಬ್ಬಿಗಳ ಮೇಲೆ ದಿನವೂ ಕಾಣುವ ಅಕ್ಷರದಲ್ಲಿ ಮೂರು ಸಾಲು ಇದ್ದವು.

"ಪದ: ಹ್ಯಾಂಡಲ್. ಅರ್ಥ: ಹಿಡಿ. ಪ್ರಯೋಗ: ಮಾಸ್ತರರು ಇವತ್ತು ಎಲ್ಲರ ಮುಂದೆ ತಮ್ಮ ಮನೆಯ ಬಾಣಲೆಗೆ ಹಿಡಿ ಹಾಕುತ್ತಾರೆ."

"ಇದು ಯಾರು..." ಎಂದು ಮಾಸ್ತರರು ತಿರುಗಿದರು. ಮೆಟ್ಟಿಲ ಮೇಲೆ ಹೆಂಡತಿ ನಿಂತಿದ್ದಳು. ಒಂದು ಕೈಯಲ್ಲಿ ಬಾಣಲೆ, ಇನ್ನೊಂದರಲ್ಲಿ ಮರದ ಹಿಡಿ; ತಮ್ಮನಿಂದ ತರಿಸಿಕೊಂಡಿರಬೇಕು.

"ಷರತ್ತು ನೆನಪಿದೆಯಲ್ಲ ಮಾಸ್ತರೇ?" ಎಂದು ಗುಂಪಿನ ಹಿಂದಿನಿಂದ ಕಾರ್ಯದರ್ಶಿ ಕೇಳಿದರು. ಅವರು ಕಚೇರಿಗೆ ತಡವಾದರೂ ನಿಂತಿದ್ದರು. ಟೈಯನ್ನು ಮಾತ್ರ ಮುನ್ನೆಚ್ಚರಿಕೆಯಿಂದ ಅಂಗಿಯೊಳಗೆ ತೂರಿಸಿಕೊಂಡಿದ್ದರು.

ಮಾಸ್ತರರು ಹೆಂಡತಿಯ ಬೆರಳುಗಳನ್ನು ನೋಡಿದರು. ಹೆಬ್ಬೆರಳ ಪಕ್ಕ ಒಂದು ಹಳೆಯ ಸುಟ್ಟ ಕಲೆ, ಅದರ ಪಕ್ಕ ಇನ್ನೊಂದು ಹೊಸದು. ಇಷ್ಟು ದಿನ ಕಟ್ಟಡದವರ ಮುಖಗಳನ್ನೆಲ್ಲ ಓದಿದವರಿಗೆ ಈ ಕೈ ಕಂಡಿರಲಿಲ್ಲ ಎಂದು ನಿಜವಾಗಿಯೂ ನಾಚಿಕೆಯಾಯಿತು. ಬಾಣಲೆ ಇಸಿದುಕೊಂಡರು. ದವಡೆಗಳ ನಡುವೆ ಇಟ್ಟರು. ಬಲಕ್ಕೆ ತಿರುಗಿಸಿದರು; ಬಿಗಿಯಾಯಿತು. ಎರಡೂ ಕೈ ಖಾಲಿಯಾಯಿತು. ಆ ಖಾಲಿ ಕೈಗಳಿಂದ, ತಿರುಪು ಜಾರುತ್ತ, ಬೆರಳಿಗೆ ಪೆಟ್ಟು ಬೀಳುತ್ತ, ದರ್ಜಿಯ ಸಲಹೆ ಕೇಳುತ್ತ, ಏಣಿ ಅತ್ತೆಯ ಬೈಗುಳ ತಿನ್ನುತ್ತ, ಅಂತೂ ಹಿಡಿ ಹಾಕಿದರು. ಸ್ವಲ್ಪ ಸೊಟ್ಟಗಿತ್ತು. ಆದರೆ ಅಲ್ಲಾಡಲಿಲ್ಲ.

ಹೆಂಡತಿ ಹಿಡಿಯನ್ನು ಹಿಡಿದು ಬಾಣಲೆಯನ್ನು ಎರಡು ಸಲ ಮೇಲೆ ಕೆಳಗೆ ಮಾಡಿ ನೋಡಿದಳು. ಮುಖ ಸಡಿಲವಾಯಿತು. ಜನ ಚಪ್ಪಾಳೆ ತಟ್ಟಿದರು. ಮಾಸ್ತರರು ಎದೆ ಸೆಟೆಸಿ, ಎಂದಿನ ವಿಶ್ವಾಸದಿಂದ ಅವಳ ಮುಂದೆ ಕೈ ಚಾಚಿದರು.

"ಸರಿ, ಇನ್ನು ಆ ಸೀಮೆಸುಣ್ಣ ಕೊಡು."

ಹೆಂಡತಿ ಅದನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು.

"ಮುಂದಿನ ವಾರ ಕಿಟಕಿ ಚಿಲಕದ್ದು" ಎಂದಳು, ಮೆಟ್ಟಿಲು ಹತ್ತುತ್ತ. "ಪದ, ಅರ್ಥ ನೀವೇ ಹುಡುಕಿಡಿ. ಪ್ರಯೋಗ ನಾನ್ ಬರೀತೀನಿ."